ಮಗು ನೋಡಿಕೊಳ್ಳಲು ಬಂದ ನೆಲ್

ಕೇಳುಗರೆ, ನಮಸ್ಕಾರ.

ನ್ಯೂಯಾರ್ಕಿನ ಒಂದು ಹೋಟೆಲ್. ರಾತ್ರಿ ಹೊತ್ತು. ಕೆಳಗಡೆ ಸಮಾರಂಭ ಇದೆ, ಗಂಡ ಹೆಂಡತಿ ಸಿಂಗರಿಸಿಕೊಂಡು ಹೊರಟಿದ್ದಾರೆ. ಮಗಳ ಹೆಸರು ಬನ್ನಿ, ಅವಳು ಮಲಗುವ ಹೊತ್ತು. ಅವಳ ಜೊತೆ ಯಾರಾದರೂ ಇರಬೇಕಲ್ಲ? ಲಿಫ್ಟ್ ನಡೆಸುವ ಎಡ್ಡಿ ತನ್ನ ಸಂಬಂಧದ ಹುಡುಗಿಯನ್ನು ಕರೆದುಕೊಂಡು ಬರುತ್ತಾನೆ. ಹೆಸರು ನೆಲ್. ಮೆತ್ತಗೆ ಮಾತಾಡುತ್ತಾಳೆ, ತಲೆ ತಗ್ಗಿಸಿ ನಿಲ್ಲುತ್ತಾಳೆ. ಯಾರೂ ಜಾಸ್ತಿ ವಿಚಾರಿಸುವುದಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದು 1952ರಲ್ಲಿ ಬಂದ 'ಡೋಂಟ್ ಬಾದರ್ ಟು ನಾಕ್' ಚಿತ್ರ. ಶಾರ್ಲಟ್ ಆರ್ಮ್‌ಸ್ಟ್ರಾಂಗ್ ಬರೆದ 'ಮಿಸ್ಚಿಫ್' ಕಾದಂಬರಿಯಿಂದ ಮಾಡಿದ್ದು. ನಿರ್ದೇಶಕ ರಾಯ್ ಬೇಕರ್. ಎಲ್ಲ ಸೇರಿ 76 ನಿಮಿಷ. ನೆಲ್ ಪಾತ್ರದಲ್ಲಿ ಮರ್ಲಿನ್ ಮನ್ರೋ ಇದ್ದಾರೆ. ಮನ್ರೋ ಅಂದ ತಕ್ಷಣ ನಗುಮುಖದ ಚೆಲುವೆ ನೆನಪಾಗುತ್ತಾರೆ, ಅಲ್ವಾ? ಇಲ್ಲಿ ಆ ನಗುವೇ ಭಯ ಹುಟ್ಟಿಸುತ್ತದೆ.

ಮಗುವಿಗೆ ಕಥೆ ಓದಿ ಮಲಗಿಸಿದ ಮೇಲೆ ನೆಲ್ ಸುಮ್ನೆ ಕೂರುವುದಿಲ್ಲ. ಮಗುವಿನ ತಾಯಿಯ ರೇಷ್ಮೆ ನಿಲುವಂಗಿ ತೊಟ್ಟುಕೊಳ್ಳುತ್ತಾಳೆ. ಅವಳ ಓಲೆ ಹಾಕಿಕೊಳ್ಳುತ್ತಾಳೆ, ಅವಳ ಸೆಂಟು ಹಚ್ಚಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವಾಗ ಆ ಮುಖದಲ್ಲಿ ಕಳ್ಳತನದ ಅಳುಕು ಒಂದಿಷ್ಟೂ ಇಲ್ಲ. ಬೇರೆಯವರ ಬದುಕು ಒಂದು ರಾತ್ರಿಗೆ ತನ್ನದಾಯಿತು ಅನ್ನುವ ಸಂತೋಷ ಇದೆ. ನನಗೆ ಕರುಳು ಚುರುಕ್ ಅಂದಿದ್ದು ಅಲ್ಲೇ.

ರೇಡಿಯೋದಲ್ಲಿ ಮಾತಾಡುತ್ತಿದ್ದೇನೆ, ಇದೊಂದು ಹೇಳಲೇಬೇಕು. ಆ ಹೋಟೆಲಿನ ಕೋಣೆಗಳ ಗೋಡೆಯಲ್ಲಿ ಒಂದೊಂದು ರೇಡಿಯೋ ಇದೆ. ಕೆಳಗೆ ಬಾರ್‌ನಲ್ಲಿ ಲಿನ್ ಎಂಬ ಗಾಯಕಿ ಹಾಡಿದರೆ ಮೇಲಿನ ಕೋಣೆಗಳಿಗೂ ಕೇಳಿಸುತ್ತದೆ. ಲಿನ್ ಆಗಿ ಆನ್ ಬ್ಯಾಂಕ್ರಾಫ್ಟ್, ಅವರ ಮೊದಲ ಚಿತ್ರ ಇದು. ಲಿನ್‌ಳಿಂದ ದೂರವಾದ ಜೆಡ್ ಅನ್ನುವ ಪೈಲಟ್ ತನ್ನ ಕೋಣೆಯಲ್ಲಿ ಆ ಹಾಡು ಕೇಳಿ ಒಳಗೊಳಗೇ ಬೇಯುತ್ತಾನೆ. ಎದುರಿನ ಕಿಟಕಿಯಲ್ಲಿ ನೆಲ್ ಕಾಣಿಸುತ್ತಾಳೆ. ಫೋನ್ ಮಾಡುತ್ತಾನೆ. ಅವಳು ಬಾ ಅನ್ನುತ್ತಾಳೆ.

ಅವನು ಬಂದ ಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ಅವಳು ಪ್ರೀತಿಸಿದ ಫಿಲಿಪ್ ಕೂಡ ಪೈಲಟ್, ವಿಮಾನ ಬಿದ್ದು ಸತ್ತವನು. ಅವಳ ಮಣಿಕಟ್ಟಿನಲ್ಲಿ ಗಾಯದ ಗುರುತು. ಮಾನಸಿಕ ಆಸ್ಪತ್ರೆಯಿಂದ ಬಂದು ಹೆಚ್ಚು ದಿನ ಆಗಿಲ್ಲ. ನೋಡನೋಡುತ್ತಾ ಜೆಡ್‌ನನ್ನೇ ಫಿಲಿಪ್ ಅಂದುಕೊಳ್ಳುತ್ತಾಳೆ. ಆಗ ಬನ್ನಿ ಎದ್ದು ಬರುತ್ತಾಳೆ. ನೆಲ್‌ಗೆ ಈಗ ಆ ಮಗು ಒಂದು ಅಡ್ಡಿ, ಅಷ್ಟೇ. ಮಗು ತೆರೆದ ಕಿಟಕಿಗೆ ಬಗ್ಗಿ ಕೆಳಗೆ ನೋಡುತ್ತಿದೆ. ಹಿಂದಿನಿಂದ ನೆಲ್ ಕೈ ನಿಧಾನವಾಗಿ ಅದರ ಬೆನ್ನಿಗೆ ಬರುತ್ತದೆ. ಕಿರುಚಾಟ ಇಲ್ಲ, ಅಬ್ಬರ ಇಲ್ಲ. ಜೆಡ್ ಮಗುವನ್ನು ಹಿಡಿದೆಳೆಯುವವರೆಗೂ ನನ್ನ ಉಸಿರು ನಿಂತಿತ್ತು.

ಮಗುವನ್ನು ಅವಳಿಂದ ಬಿಡಿಸಬೇಕು. ಅವಳನ್ನೂ ಯಾರಾದರೂ ಕಾಪಾಡಬೇಕು. ನೋಡುವಾಗ ಈ ಎರಡೂ ಒಟ್ಟಿಗೇ ಅನ್ನಿಸುತ್ತವೆ, ಯಾವುದನ್ನೂ ಬಿಟ್ಟುಕೊಡಲು ಆಗುವುದಿಲ್ಲ. ಇದನ್ನು ಬರೀ ಹೆದರಿಸುವ ಸಿನಿಮಾ ಅಂದರೆ ನಾನು ಒಪ್ಪುವುದಿಲ್ಲ. ಮನ್ರೋ ಅವರ ತಾಯಿ ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿದ್ದವರು. ಮಗಳು ಅನಾಥಾಲಯದಲ್ಲಿ, ಯಾರ್ಯಾರದೋ ಮನೆಯಲ್ಲಿ ಬೆಳೆದವರು. ನೆಲ್‌ಳ ಮೆತ್ತನೆಯ ದನಿ ಕೇಳುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಕೊನೆಗೆ ನೆಲ್ ಕೆಳಗಿನ ಲಾಬಿಯಲ್ಲಿ ನಿಂತಿದ್ದಾಳೆ. ಕೈಯಲ್ಲಿ ಬ್ಲೇಡು. ಸುತ್ತ ಜನ. ಜೆಡ್ ಹತ್ತಿರ ಹೋಗುತ್ತಾನೆ. ಕಸಿದುಕೊಳ್ಳುವುದಿಲ್ಲ. ತಾನು ಫಿಲಿಪ್ ಅಲ್ಲ ಎಂದು ಸಮಾಧಾನದಿಂದ ಹೇಳಿ ಕೈ ಚಾಚುತ್ತಾನೆ. ಅವಳು ಅವನ ಮುಖವನ್ನೇ ನೋಡುತ್ತಾಳೆ. ಆಮೇಲೆ ಬ್ಲೇಡನ್ನು ಅವನ ಕೈಗೆ ಕೊಡುತ್ತಾಳೆ. ಕಿವಿಯಲ್ಲಿ ಬೇರೆಯವರ ಓಲೆ ಇನ್ನೂ ಇದೆಯೋ ಅಂತ ನಾನು ಹುಡುಕುತ್ತೇನೆ, ಪ್ರತಿ ಸಲವೂ.

ನಮಸ್ಕಾರ.