ಗಿಡ ಬಾಡಿದರೆ ಬೇರು ನೋಡಿ

ರೈತ ಬಾಂಧವರಿಗೆ ನಮಸ್ಕಾರ.

ಹೋದ ವರ್ಷ ಕುಷ್ಟಗಿ ಕಡೆ ನಮ್ಮ ಮಾವನ ಬದನೆ ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನ ಗಿಡಗಳೆಲ್ಲ ಜೋತುಬಿದ್ದಿದ್ದವು. ಸಂಜೆಗೆ ಮತ್ತೆ ಎದ್ದವು. ನೀರು ಸಾಲುತ್ತಿಲ್ಲ ಅಂತ ಮಾವ ದಿನಾ ಡ್ರಿಪ್ ಬಿಡುತ್ತಿದ್ದರು. ಎಲೆ ಹಳದಿಯಾಯ್ತು ಅಂತ ಯೂರಿಯಾನೂ ಹಾಕಿದ್ದರು. ಒಂದು ಗಿಡ ಮೆಲ್ಲಗೆ ಅಗೆದು, ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆದೆವು. ಬೇರಿನ ತುಂಬಾ ಗಂಟು, ಹಸಿ ಶುಂಠಿಯ ಹಾಗೆ.

"ಯಾಕ ಅಳಿಯಾ, ಶೇಂಗಾ ಬೇರಿಗೂ ಗಂಟು ಇರ್ತಾವಲ್ಲ, ಒಳ್ಳೇದಲ್ಲೇನು?" ಅಂದರು ಮಾವ.

ಕೇಳಬೇಕಾದ ಪ್ರಶ್ನೆಯೇ ಅದು. ಶೇಂಗಾ, ತೊಗರಿಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಬದನೆಯಲ್ಲಿ ಬೇರೇ ಊದಿಕೊಂಡಿರುತ್ತದೆ, ಕಿತ್ತರೆ ಬೇರೂ ಜೊತೆಗೇ ಬರುತ್ತದೆ. ಇದು ನೆಮಟೋಡ್, ಅಂದರೆ ಬೇರುಗಂಟು ಜಂತುಹುಳುವಿನ ಕೆಲಸ.

ಬೇರಿಗೆ ನುಗ್ಗುವ ಮರಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಬರಿಗಣ್ಣಿಗೆ ಕಾಣದು. ಒಂದು ಹೆಣ್ಣು 300ರಿಂದ 500 ಮೊಟ್ಟೆ ಇಡುತ್ತದೆ. ನಮ್ಮ ಬಿಸಿ ಮಣ್ಣಿನಲ್ಲಿ ಸುಮಾರು ತಿಂಗಳಿಗೆ ಒಂದು ಪೀಳಿಗೆ ಮುಗಿಯುತ್ತದೆ. ಮರಳು ಮಿಶ್ರಿತ ಕೆಂಪು ನೆಲದಲ್ಲಿ ಕಾಟ ಜಾಸ್ತಿ. ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ನೀರು ನಿಲ್ಲುವುದರಿಂದ ಕಡಿಮೆ.

ಒಮ್ಮೆ ಹೊಲಕ್ಕೆ ಬಂದರೆ ಪೂರ್ತಿ ಹೋಗುವುದಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಸಂಖ್ಯೆ ತಗ್ಗಿಸಬಹುದು, ಅಷ್ಟೇ. ಅದಕ್ಕೆ ನಾವು ಬೈಯುವ ಬಿಸಿಲೇ ಮೊದಲ ಔಷಧಿ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನ ಬಿಟ್ಟು ಎರಡು ಮೂರು ಸಲ ಆಳವಾಗಿ ರೆಂಟೆ ಹೊಡೆಯಿರಿ. ಸಸಿಮಡಿಗೆ ಏಪ್ರಿಲ್-ಮೇ ತಿಂಗಳಲ್ಲಿ ನೀರು ಹಾಯಿಸಿ, ಬಿಳಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಏರಿಸಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಇಳಿಯುವುದಿಲ್ಲ.

ನಾಟಿಗೆ ಮುಂಚೆ ಎಕರೆಗೆ ಸುಮಾರು 250 ಕಿಲೋ ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ. ಒಂದು ಟನ್ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ (ಬೆಳೆಗೆ ಉಪಕಾರಿಯಾದ ಶಿಲೀಂಧ್ರದ ಪುಡಿ) ಎರಡು ಕಿಲೋ ಬೆರೆಸಿ, ನೆರಳಲ್ಲಿ ತೇವ ಆರದಂತೆ 15 ದಿನ ಮುಚ್ಚಿಟ್ಟು ಹಾಕಿದರೆ ಇನ್ನೂ ಒಳ್ಳೆಯದು.

ಚೆಂಡುಹೂವಿನ ಗಿಡವೂ ಈ ಹುಳುವಿನ ಸಂಖ್ಯೆ ತಗ್ಗಿಸುತ್ತದೆ, ಆದರೆ ಬದುವಿಗೆ ನಾಲ್ಕು ಗಿಡ ಹಚ್ಚಿ ಕೈತೊಳೆದುಕೊಂಡರೆ ಆಗದು. ಗಂಟುರೋಗ ಬಂದ ಜಾಗದಲ್ಲೇ ಒಂದು ಬೆಳೆಯಾಗಿ ಒತ್ತಾಗಿ ಬೆಳೆಯಬೇಕು. ದಸರಾಕ್ಕೆ ಹೂವೂ ಮಾರಬಹುದು, ಅಲ್ವಾ? ಬದನೆ ಆದಮೇಲೆ ಬೆಂಡೆ, ಬೆಂಡೆ ಆದಮೇಲೆ ಸೌತೆ ಹಾಕಿದರೆ ಮಾತ್ರ ಹುಳಕ್ಕೆ ಹಬ್ಬ. ಮೂರೂ ಅದಕ್ಕೆ ಇಷ್ಟದ ಊಟ.

ಟೊಮೆಟೊದಲ್ಲಿ ಇದನ್ನು ತಡೆಯುವ ತಳಿಗಳಿವೆ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಆ ಶಕ್ತಿ ಕುಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ತಳಿಯೊಂದನ್ನೇ ನಂಬಿ ಕೂರಬೇಡಿ.

ಮಾವನ ಹೊಲಕ್ಕೆ ಈ ಹುಳ ಬಂದಿದ್ದು ಕೊಂಡು ತಂದ ಸಸಿಯ ಜೊತೆಗೇ ಇರಬೇಕು ಅನ್ನುವುದು ನನ್ನ ಅನುಮಾನ. ಕೊಯ್ಲು ಮುಗಿದ ಮೇಲೆ ಗಿಡಗಳನ್ನು ಬೇರು ಸಮೇತ ಕಿತ್ತು, ಒಣಗಿಸಿ ಸುಟ್ಟರು. ಈ ಸಲ ನರ್ಸರಿಗೆ ಹೋದವರು ಟ್ರೇಯಿಂದ ಒಂದು ಸಸಿ ಎತ್ತಿ, ಅಲ್ಲೇ ನಲ್ಲಿ ಕೆಳಗೆ ಬೇರು ತೊಳೆದು ನೋಡಿದರು. ನರ್ಸರಿಯವರು ಗೊಣಗಿದರು. ಮಾವ ಮಾತಾಡದೆ ಪಕ್ಕದ ಟ್ರೇಯಿಂದ ಇನ್ನೊಂದು ಎತ್ತಿದರು.

ನಮಸ್ಕಾರ.