ರಟ್ಟಿನ ಮನೆ ಮತ್ತು ಅದರ ಅಂಚುಗಳು

ಎಲ್ಲರಿಗೂ ನಮಸ್ಕಾರ.

ಮಾದರಿ ರೈಲು ಕಟ್ಟುವವರು ಎಂಜಿನ್ನಿನ ಮೇಲೆ, ಹಳಿಯ ಮೇಲೆ ಎಷ್ಟು ಬೇಕಾದರೂ ಹೊತ್ತು ಕಳೆಯುತ್ತಾರೆ. ಹಳಿಯ ಪಕ್ಕದ ಕಟ್ಟಡವನ್ನು ಮಾತ್ರ ಒಂದು ಸಂಜೆಯಲ್ಲಿ ಅಂಟಿಸಿ ಮುಗಿಸುತ್ತಾರೆ. ಆದರೆ ಊರು ಯಾವುದು, ಕಾಲ ಯಾವುದು ಎಂದು ನೋಡುವವರಿಗೆ ಹೇಳುವುದು ಆ ಕಟ್ಟಡವೇ. ರಟ್ಟಿನಲ್ಲಿ ಇಂಥ ಕಟ್ಟಡ ಮಾಡುವ ಕೆಲಸ ಬ್ರಿಟನ್ನಿನಲ್ಲಿ ಬಹಳ ಬೆಳೆದಿದೆ. ಹಾಗಾಗಿ ಇವತ್ತಿನ ಉದಾಹರಣೆಯೂ ಅಲ್ಲಿನದೇ: ಲೆವೆಲ್ ಕ್ರಾಸಿಂಗ್ ಪಕ್ಕದ ಗೇಟ್ ಕಾಯುವವನ ಮನೆ. ಇಟ್ಟಿಗೆ ಗೋಡೆ, ಸ್ಲೇಟಿನ ಮಾಡು, ಒಂದೇ ಅಂತಸ್ತು.

ರಟ್ಟು ಮಕ್ಕಳ ಕೆಲಸದ ಸಾಮಾನು ಎಂದುಕೊಂಡವರು ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿರುವ ಪೆಂಡನ್ ಮ್ಯೂಸಿಯಂ ಚಿತ್ರಗಳನ್ನು ನೋಡಬೇಕು. 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು, ಹಳ್ಳಿಯ ಹಳೇ ಮನೆಗಳು ಕಣ್ಣೆದುರೇ ಕಳೆದುಹೋಗುತ್ತಿರುವುದನ್ನು ಕಂಡು ಅವುಗಳ ಮಾದರಿ ಮಾಡಲು ಹೊರಟರು. 1920–30ರ ದಶಕದ ವೇಲ್ ಆಫ್ ವೈಟ್ ಹಾರ್ಸ್ ಪ್ರದೇಶ ಅಲ್ಲಿ ರಟ್ಟು ಮತ್ತು ಜಲವರ್ಣದಲ್ಲಿ ನಿಂತಿದೆ. ಇವತ್ತು ಅಂಗಡಿಯಲ್ಲಿ ಮೆಟ್‌ಕಾಫ್, ಸೂಪರ್‌ಕ್ವಿಕ್ ಕಂಪನಿಗಳ ಮುದ್ರಿಸಿ ಕತ್ತರಿಸಿದ ಕಿಟ್ ಸಿಗುತ್ತದೆ. ಸ್ಕೇಲ್‌ಸೀನ್ಸ್‌ನಂಥವರ ಹಾಳೆಗಳನ್ನು ಮನೆಯಲ್ಲೇ ಮುದ್ರಿಸಿಕೊಂಡು ರಟ್ಟಿಗೆ ಅಂಟಿಸಬಹುದು. ಪೂರ್ತಿ ಕೈಯಿಂದ ಮಾಡಿದ್ದು, ಕಿಟ್, ಮನೆಯಲ್ಲಿ ಮುದ್ರಿಸಿದ್ದು, ನಾನು ಹೇಳುವುದು ಈ ಮೂರಕ್ಕೂ ಸಲ್ಲುತ್ತದೆ.

ಮುದ್ರಣ ಎಷ್ಟೇ ಚೆನ್ನಾಗಿರಲಿ, ಇದು ರಟ್ಟು ಎಂಬ ಗುಟ್ಟು ಬಯಲಾಗುವುದು ಅಂಚಿನಲ್ಲಿ. ಗೋಡೆಯ ಮೂಲೆ, ಕಿಟಕಿಯ ಒಳಬದಿ, ಸ್ಲೇಟಿನ ತುದಿ, ಗೋಡೆ ನೆಲ ಮುಟ್ಟುವ ಜಾಗ, ಈ ನಾಲ್ಕು ಕಡೆ ಗೆದ್ದರೆ ಉಳಿದದ್ದು ತಾನಾಗಿ ಒದಗಿಬರುತ್ತದೆ.

ಮೊದಲು ಅಳತೆ. ಬ್ರಿಟನ್ನಿನ ಓಓ ಸ್ಕೇಲಿನಲ್ಲಿ ಒಂದು ಅಡಿಗೆ 4 ಮಿಮೀ, ಅಂದರೆ 1:76. ಗಾರೆ ಸೇರಿ ಇಂಗ್ಲಿಷ್ ಇಟ್ಟಿಗೆ 9 ಇಂಚು ಉದ್ದ, 3 ಇಂಚು ಎತ್ತರ. ಮಾದರಿಯಲ್ಲಿ ಅದು 3 ಮಿಮೀ ಉದ್ದ, 1 ಮಿಮೀ ಎತ್ತರ. ಒಂದು ಮಿಮೀಗೆ ಇಟ್ಟಿಗೆಯ ಒಂದು ಸಾಲು, ಅಂದರೆ ಒಂದು ವರಸೆ ಎಂದಾಗ ಲೆಕ್ಕ ಬಾಯಲ್ಲೇ ಆಗುತ್ತದೆ. ನಮ್ಮ ಮನೆ 24 ಅಡಿಗೆ 16 ಅಡಿ, ಸೂರಿನವರೆಗೆ 9 ಅಡಿ. ಮಾದರಿಯಲ್ಲಿ 96, 64 ಮತ್ತು 36 ಮಿಮೀ. ಒಂದು ಅಡಿಗೆ 3.5 ಮಿಮೀ ಲೆಕ್ಕದ ಎಚ್‌ಓ ಸ್ಕೇಲಿನವರು ಇದೇ ಹಾಳೆಯನ್ನು 87.5 ಶೇಕಡಾಕ್ಕೆ ಇಳಿಸಿ ಮುದ್ರಿಸಿದರೆ ಸಾಕು. ಆದರೆ ರಟ್ಟಿನ ದಪ್ಪ ಜೊತೆಯಲ್ಲಿ ಇಳಿಯುವುದಿಲ್ಲ, ಕೂಡುವ ಜಾಗದ ಅಳತೆಯನ್ನು ಮತ್ತೆ ಲೆಕ್ಕ ಹಾಕಲೇಬೇಕು. ಪ್ರಿಂಟರಿನಲ್ಲಿ ‘ಫಿಟ್ ಟು ಪೇಜ್’ ಆಯ್ಕೆ ತೆಗೆದುಹಾಕಿ, ‘ಆಕ್ಚುವಲ್ ಸೈಜ್’ ಇಡಿ. ಇಲ್ಲದಿದ್ದರೆ ಹಾಳೆ ಸದ್ದಿಲ್ಲದೆ ಕುಗ್ಗಿ ಬರುತ್ತದೆ, ಬಾಗಿಲು ಕೂರದಿರುವಾಗಲಷ್ಟೇ ಗೊತ್ತಾಗುತ್ತದೆ.

ಗೋಡೆಗೆ ಬೈಂಡಿಂಗ್ ಅಂಗಡಿಯಲ್ಲಿ ಸಿಗುವ 1.5 ಮಿಮೀ ಬೂದು ರಟ್ಟು ಎರಡು ಪದರ ಬೇಕು. ಎರಡೂ ಸೇರಿ 3 ಮಿಮೀ, ಅಂದರೆ ನಿಜವಾದ 9 ಇಂಚಿನ ಗೋಡೆ. ಒಳಪದರದಲ್ಲಿ ಕಿಟಕಿಯ ತೂತನ್ನು ನಾಲ್ಕೂ ಕಡೆ 2 ಮಿಮೀ ಅಗಲಿಸಿ ಕತ್ತರಿಸಿ. ಕಿಟಕಿಯನ್ನು ಹೊರಪದರದ ಹಿಂಬದಿಗೆ ಅಂಟಿಸಿದಾಗ ಅದು ಗೋಡೆಯ ಮುಖದಿಂದ 1.5 ಮಿಮೀ ಒಳಗೆ, ಅರ್ಧ ಇಟ್ಟಿಗೆಯಷ್ಟು ಹಿಂದೆ ಕೂರುತ್ತದೆ. ಇಂಗ್ಲೆಂಡಿನ ಗಾರೆಯವನು ಮಾಡುತ್ತಿದ್ದದ್ದೂ ಇದನ್ನೇ. ಈ ಒಂದೂವರೆ ಮಿಲಿಮೀಟರಿನ ನೆರಳಿನ ಕೆಲಸವನ್ನು ಯಾವ ಮುದ್ರಣವೂ ಮಾಡಲಾರದು.

ಕತ್ತರಿಸುವಾಗ ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಹಗುರ ಕೈ. ಒಂದೇ ಏಟಿಗೆ ಒತ್ತಿದರೆ ಬ್ಲೇಡು ವಾಲುತ್ತದೆ, ಅಂಚು ಓರೆಯಾಗುತ್ತದೆ. ಐದಾರು ಸಲ ಎಳೆಯಿರಿ. ಕಿಟಕಿ ತೂತಿನಲ್ಲಿ ಪ್ರತಿ ಮೂಲೆಯಿಂದ ನಡುವಿನ ಕಡೆಗೆ ಎಳೆದು ಬನ್ನಿ. ಮೂಲೆಯ ಕಡೆಗೆ ಎಳೆದರೆ ಗೆರೆ ದಾಟಿ ಗೋಡೆಗೆ ಗಾಯವಾಗುತ್ತದೆ.

ಮುಂದಿನ ಮತ್ತು ಹಿಂದಿನ ಗೋಡೆ ಪೂರ್ತಿ 96 ಮಿಮೀ. ಪಕ್ಕದ ಗೋಡೆಗಳು ಅವುಗಳ ನಡುವೆ ಸಿಕ್ಕಿಕೊಳ್ಳುವುದರಿಂದ 64ರಲ್ಲಿ ಎರಡು ಕಡೆಯ 3 ಮಿಮೀ ಕಳೆದು 58. ಈ ಕಳೆಯುವ ಲೆಕ್ಕ ಮರೆತವರ ಮನೆ 70 ಮಿಮೀ ಆಗಿ, ಮಾಡು ಸಾಲದೆ ಬರುತ್ತದೆ. ಕೂಡಿಸುವಾಗ ಮೂಲೆಮಟ್ಟ ಇಟ್ಟು ನೋಡಿ. ಒಳಗೆ ನಾಲ್ಕೂ ಮೂಲೆಗೆ ರಟ್ಟಿನ ಪಟ್ಟಿ, ನಡುವೆ ಒಂದು ಅಡ್ಡಗೋಡೆ. ಅಡ್ಡಗೋಡೆ ಇಲ್ಲದ ಉದ್ದ ಗೋಡೆ ಮುಂದೊಂದು ದಿನ ಒಳಕ್ಕೆ ಬಾಗುವುದು ಖಂಡಿತ.

ಇಟ್ಟಿಗೆ ಕಾಗದವನ್ನು ಒಂದೊಂದು ಗೋಡೆಗೆ ಬೇರೆ ಬೇರೆ ಅಂಟಿಸಬೇಡಿ. ಡಬ್ಬಿ ಕೂಡಿಸಿದ ಮೇಲೆ ಒಂದೇ ಹಾಳೆಯನ್ನು ಸುತ್ತಲೂ ಸುತ್ತಿ, ಕೂಡುಗೆರೆಯನ್ನು ಹಿಂದಿನ ಮೂಲೆಯಲ್ಲಿ ಬಚ್ಚಿಡಿ. ಆಗ ಮೂಲೆಯಲ್ಲಿ ಬೂದು ಗೆರೆ ಕಾಣುವುದಿಲ್ಲ, ವರಸೆಗಳು ತಿರುವಿನಲ್ಲೂ ಮುಂದುವರಿಯುತ್ತವೆ. ಕಿಟಕಿಯ ಜಾಗದಲ್ಲಿ ಕಾಗದವನ್ನು ಕರ್ಣವಾಗಿ ಸೀಳಿ, ನಾಲ್ಕು ತ್ರಿಕೋನಗಳನ್ನು ಒಳಕ್ಕೆ ಮಡಚಿ ಅಂಟಿಸಿ. ತೂತಿನ ಅಂಚೂ ಇಟ್ಟಿಗೆಯಾಗುತ್ತದೆ. ಮಡಿಕೆಯಲ್ಲಿ ಬಿಳಿ ಇಣುಕಿದರೆ ಇಟ್ಟಿಗೆ ಬಣ್ಣದ ಪೆನ್ಸಿಲಿನಿಂದ ತೀಡಿ. ಸ್ಕೆಚ್ ಪೆನ್ನು ಬೇಡ, ಅದರ ಶಾಯಿ ಎಳೆಗುಂಟ ಹರಿದು ಮುಖಕ್ಕೆ ಬರುತ್ತದೆ. ಮುದ್ರಣದ ವಿಷಯ ಇನ್ನೊಂದು: ಲೇಸರ್ ಪ್ರಿಂಟರಿನ ಬಣ್ಣ ನೀರಿಗೆ ಕದಡುವುದಿಲ್ಲ, ಆದರೆ ಮಡಿಕೆಯಲ್ಲಿ ಬಿರಿಯುತ್ತದೆ. ಇಂಕ್‌ಜೆಟ್ ಬಣ್ಣ ಚೆನ್ನಾಗಿ ಮಡಚುತ್ತದೆ, ಒಂದು ಹನಿ ನೀರಿಗೆ ಕರಗುತ್ತದೆ. ನನ್ನ ಒಲವು ಇಂಕ್‌ಜೆಟ್ ಕಡೆಗೆ, ಅಂಟಿಸುವ ಮೊದಲು 25–30 ಸೆಂಮೀ ದೂರದಿಂದ ಮ್ಯಾಟ್ ವಾರ್ನಿಷನ್ನು ಎರಡು ತೆಳು ಕೋಟು ಸಿಂಪಡಿಸುವ ಷರತ್ತಿನ ಮೇಲೆ. ಮಳೆ ಹಿಡಿದ ದಿನ ಮಾತ್ರ ಆ ಸ್ಪ್ರೇ ಮುಟ್ಟಬೇಡಿ. ಗಾಳಿಯ ತೇವಕ್ಕೆ ವಾರ್ನಿಷ್ ಬೆಳ್ಳಗೆ ಮಂಜು ಕಟ್ಟುತ್ತದೆ.

ಇಲ್ಲಿ ನೀರಿನ ಮಾತನ್ನು ಸ್ವಲ್ಪ ಹೆಚ್ಚೇ ಆಡಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಇದು ಇಂಗ್ಲೆಂಡಿನವರಿಗಿಂತ ದೊಡ್ಡ ಪ್ರಶ್ನೆ. ರಟ್ಟಿಗೆ ಎಳೆಯ ದಿಕ್ಕು ಇರುತ್ತದೆ. ಸುಲಭವಾಗಿ ಬಾಗುವ ಮಡಿಕೆ ಯಾವ ಕಡೆಗೋ ಎಳೆಯೂ ಆ ಕಡೆಗೇ. ತೇವ ಕುಡಿದಾಗ ಅದು ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಎರಡು ಪದರಗಳ ಎಳೆಯನ್ನು ಅಡ್ಡ-ಉದ್ದ ಇಟ್ಟು ಅಂಟಿಸಿದರೆ ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರಿದೆ. ರಟ್ಟಿನ ಒಂದೇ ಮುಖಕ್ಕೆ ಅದರಿಂದ ಕಾಗದ ಅಂಟಿಸಿದರೆ, ಒಣಗುವಾಗ ಕಾಗದ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆದು ಬಗ್ಗಿಸುತ್ತದೆ. ಕಾಗದಕ್ಕೆ ಗ್ಲೂ ಸ್ಟಿಕ್ ಬಳಸಿ. ಬಿಳಿ ಅಂಟನ್ನು ಕೀಲುಗಳಿಗಷ್ಟೇ, ಹಲ್ಲುಕಡ್ಡಿಯ ತುದಿಯಿಂದ ಹಚ್ಚಿ. ಎಲ್ಲಕ್ಕಿಂತ ಒಳ್ಳೆಯ ಉಪಾಯ, ಕತ್ತರಿಸಿದ ತುಂಡುಗಳಿಗೆ ಎರಡೂ ಮುಖ, ಎಲ್ಲ ಅಂಚು ಬಿಡದೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚುವುದು. ಅದರಲ್ಲಿ ನೀರಿಲ್ಲ, ರಟ್ಟು ಹಲಗೆಯಂತೆ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಅಂಚನ್ನು 400 ನಂಬರಿನ ಉಪ್ಪುಕಾಗದದಿಂದ ಸವರಿದರೆ ಜುಂಗು ಏಳದೆ ನುಣುಪಾಗುತ್ತದೆ.

ಕಿಟಕಿಗೆ ಓಎಚ್‌ಪಿ ಹಾಳೆ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗಾಜುಗಳ ನಡುವಿನ ಮರದ ಪಟ್ಟಿ ನಿಜದಲ್ಲಿ ಒಂದು ಇಂಚು, ನಮಗೆ 0.3 ಮಿಮೀ. ಬಿಳಿ ಸ್ಟಿಕರ್ ಕಾಗದವನ್ನು ಸಾಧ್ಯವಾದಷ್ಟು ಸಣ್ಣಗೆ ಸೀಳಿ ಅಂಟಿಸಬಹುದು, 0.5ಕ್ಕಿಂತ ದಪ್ಪವಾದರೆ ಜೈಲಿನ ಸರಳಾಗುತ್ತದೆ. ಇಂಗ್ಲಿಷ್ ಜಾರುಕಿಟಕಿಯಲ್ಲಿ ಮೇಲಿನ ಅರ್ಧ ಹೊರಗೆ, ಕೆಳಗಿನ ಅರ್ಧ ಒಳಗೆ. ಎರಡು ತುಂಡು ಹಾಳೆಯಲ್ಲಿ ಅದನ್ನು ತೋರಿಸಿ. ಸೂಪರ್ ಗ್ಲೂ ಹತ್ತಿರ ತರಬೇಡಿ, ಅದರ ಆವಿಗೆ ಪಾರದರ್ಶಕ ಹಾಳೆ ಮಸುಕಾಗುತ್ತದೆ.

ಇನ್ನು ಮಾಡು. ಕಟ್ಟಡವನ್ನು ನಾವು ಮೇಲಿನಿಂದ ನೋಡುತ್ತೇವೆ, ಹಾಗಾಗಿ ಹೆಚ್ಚು ಕಾಣುವುದು ಇದೇ. ಮುದ್ರಿತ ಸ್ಲೇಟಿನ ಹಾಳೆ ನನಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಇಲ್ಲಿ ಕಾಗದ ತಾನಾಗಿಯೇ ಸರಿಯಾದ ದಪ್ಪದಲ್ಲಿದೆ: 80 ಜಿಎಸ್‌ಎಂ ಕಾಗದ 0.1 ಮಿಮೀ, ಅದನ್ನು 76ರಿಂದ ಗುಣಿಸಿದರೆ ಏಳೂವರೆ ಮಿಮೀ, ನಿಜವಾದ ಸ್ಲೇಟಿಗೆ ಬಹಳ ಹತ್ತಿರ. 20×10 ಇಂಚಿನ ಸ್ಲೇಟು ತೆಗೆದುಕೊಳ್ಳಿ. ಮಾದರಿಯಲ್ಲಿ ಅಗಲ 3.3 ಮಿಮೀ. 3 ಇಂಚಿನ ಹೊದಿಕೆ ಬಿಟ್ಟು ಉಳಿದ 17 ಇಂಚಿನ ಅರ್ಧ, ಅಂದರೆ ಎಂಟೂವರೆ ಇಂಚು ಕಣ್ಣಿಗೆ ಕಾಣುವ ಭಾಗ, ನಮಗೆ 2.8 ಮಿಮೀ. 40 ಡಿಗ್ರಿ ಇಳಿಜಾರಿನಲ್ಲಿ, ಸೂರಿಗೆ 3 ಮಿಮೀ ಚಾಚು ಸೇರಿ, ಒಂದು ಮಗ್ಗುಲು 45 ಮಿಮೀ ಬರುತ್ತದೆ. ಅಲ್ಲಿಗೆ 16 ಸಾಲು, ಸಾಲಿಗೆ ಸುಮಾರು 30 ಸ್ಲೇಟು.

ಕಾಗದಕ್ಕೆ ಮೊದಲೇ ನೀಲಿಬೂದು ಬಣ್ಣ ಬಳಿದು ಒಣಗಿಸಿ, 5 ಮಿಮೀ ಪಟ್ಟಿಗಳಾಗಿ ಕತ್ತರಿಸಿ. ಕೆಳಗಿನಿಂದ 3 ಮಿಮೀ ಆಳಕ್ಕೆ, ಪ್ರತಿ 3.3 ಮಿಮೀಗೊಂದು ಸೀಳು ಹಾಕಿ. ಮಾಡಿನ ರಟ್ಟಿನ ಮೇಲೆ 2.8ಕ್ಕೊಂದು ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಸೂರಿನ ತುದಿಯಲ್ಲಿ ಸೀಳಿಲ್ಲದ ಒಂದು ಪಟ್ಟಿ ಅಂಟಿಸಿ, ಅದರ ಮೇಲೆ ಮೊದಲ ಸಾಲು. ಆ ಅಡಿಪಟ್ಟಿ ಇಲ್ಲದಿದ್ದರೆ ಈ ಸೂರಿನ ಸಾಲು ತಲೆಬಾಗಿದಂತೆ ಕಾಣುತ್ತದೆ. ಮುಂದಿನ ಪ್ರತಿ ಸಾಲನ್ನೂ ಅರ್ಧ ಸ್ಲೇಟು ಸರಿಸಿ ಅಂಟಿಸುತ್ತ ಮೇಲಕ್ಕೆ ಹೋಗಿ. ಅಂಟು ಪಟ್ಟಿಯ ಮೇಲ್ಭಾಗಕ್ಕೆ ಮಾತ್ರ, ಕೆಳತುದಿ ಸಡಿಲವಿರಲಿ. ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಸ್ಲೇಟಿಗೆ ಬೇರೆ ಬೂದು ಪೆನ್ಸಿಲು ತೀಡಿ, ಒಂದೆರಡನ್ನು ಬ್ಲೇಡಿನ ಮೊನೆಯಿಂದ ಸ್ವಲ್ಪ ಜಾರಿಸಿ. ಅದಕ್ಕಿಂತ ಹೆಚ್ಚು ಜಾರಿಸಿದರೆ ಪಾಳುಮನೆ.

ನಮ್ಮ ಕಡೆಯ ನಿಲ್ದಾಣ ಮಾಡುವವರಿಗೆ ಈ ವಿಧಾನ ನೇರವಾಗಿ ಒದಗುವುದಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಹಂಚಿಗೆ ಉದ್ದುದ್ದ ತೋಡುಗಳಿವೆ, ಚಪ್ಪಟೆ ಕಾಗದ ಅದನ್ನು ಹೇಳಲಾರದು. ಎಚ್‌ಓದಲ್ಲಿ ಎರಡೂವರೆ ಮಿಮೀ ಆಸುಪಾಸಿನ ಅಂತರದಲ್ಲಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಕಾಗದದ ಹಿಂಬದಿಗೆ ಗೆರೆ ಒತ್ತಿ, ಉಬ್ಬು ಮೇಲೆ ಬರುವಂತೆ ಮಾಡಿ, ಆಮೇಲೆ ಪಟ್ಟಿ ಕತ್ತರಿಸಿ. ಒತ್ತುವಾಗ ಕಾಗದದ ಕೆಳಗೆ ಹಳೇ ಮೌಸ್‌ಪ್ಯಾಡ್ ಇದ್ದರೆ ಸಾಕು.

ಒಳಗೆ ದೀಪ ಬೇಕಾದವರು ಮಾಡು ಅಂಟಿಸುವ ಮೊದಲು ಗೋಡೆಯ ಒಳಮುಖಕ್ಕೆ ಕಪ್ಪು ಕಾಗದ ಹಚ್ಚಿ, ಇಲ್ಲದಿದ್ದರೆ ಮೂಲೆಮೂಲೆಯಿಂದ ಬೆಳಕು ಸೋರುತ್ತದೆ. ಸಣ್ಣ ಬಲ್ಬು ಬೇಡ, ಬಿಸಿಗೆ ರಟ್ಟು ಕಂದುತ್ತದೆ. ಬಿಳಿ ಎಲ್‌ಇಡಿ, 12 ವೋಲ್ಟಿಗೆ 1 ಕಿಲೋಓಮ್ ರೆಸಿಸ್ಟರ್. ಸುಮಾರು 9 ಮಿಲಿಆಂಪ್ ಹರಿಯುತ್ತದೆ, ಮನೆಗೆ ಅಷ್ಟೇ ಹೆಚ್ಚಾಯಿತು.

ಬಣ್ಣ ಮಾಸಿಸಲು ಒಣ ಪುಡಿಯೇ ಸರಿ. ಚಾಕ್ ಪೇಸ್ಟಲನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿಮಾಡಿ, ಮೆದು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಹೊಗೆಗೂಡಿನ ಬಾಯಿ ಕಪ್ಪು, ಸೂರಿನ ಅಡಿ ಸ್ವಚ್ಛ, ನೆಲದ ಹತ್ತಿರ ಎರಚಿದ ಕೆಸರಿನ ಕಂದು.

ಕೊನೆಯದು ನೆಲ. ಮೇಜಿನ ಮೇಲೆ ಇಟ್ಟಂತೆ ಇಟ್ಟ ಮನೆಯ ಬುಡದಲ್ಲಿ ಸಣ್ಣ ಕಪ್ಪು ಸಂದು ಕಾಣುತ್ತದೆ. ಗೋಡೆಯನ್ನು ಮೊದಲೇ 2 ಮಿಮೀ ಉದ್ದ ಬಿಟ್ಟು ನೆಲದೊಳಗೆ ಇಳಿಸಬೇಕು. ಆದರೆ ಹಳಿಯ ಜಲ್ಲಿಗೆ ಹಾಕುವ ನೀರು ಬೆರೆಸಿದ ಅಂಟು ಗೋಡೆಯ ಬುಡ ಮುಟ್ಟಿದರೆ ರಟ್ಟು ಅದನ್ನು ಮೇಲಕ್ಕೆ ಹೀರಿಕೊಂಡು ಉಬ್ಬುತ್ತದೆ, ಇಟ್ಟಿಗೆ ಕಾಗದ ಬಿಡುತ್ತದೆ. ಅದಕ್ಕೆ ಮನೆಯ ಅಳತೆಯ ಥರ್ಮೋಕೋಲ್ ತುಂಡಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಸುತ್ತಿ ಆ ಜಾಗದಲ್ಲಿ ಕೂರಿಸಿ. ಅದರ ಸುತ್ತ ಮಣ್ಣು, ಜಲ್ಲಿ, ಹುಲ್ಲು ಎಲ್ಲ ಹಾಕಿ, ಪೂರ್ತಿ ಒಣಗಲು ಎರಡು ದಿನ ಬಿಡಿ. ಆಮೇಲೆ ತುಂಡನ್ನು ಎತ್ತಿ, ಗುಳಿಯಲ್ಲಿ ಮನೆಯನ್ನು ಇಳಿಸಿ, ಉಳಿದ ಸಂದಿಗೆ ಒಣ ಮಣ್ಣಿನ ಪುಡಿ ಉದುರಿಸಿ. ಅಂಟು ಹಾಕಬೇಡಿ. ದೀಪ ಕೆಟ್ಟರೆ ಮನೆಯನ್ನು ಎತ್ತಬೇಕಾಗುತ್ತದೆ.