ಬಯಲೇ ಮರೆಯಾದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಾ, ಮಧುಗಿರಿ, ಪಾವಗಡದ ಕಡೆಯ ಬಯಲನ್ನು ಬಸ್ಸಿನ ಕಿಟಕಿಯಿಂದ ಕಂಡವರು ಅದನ್ನು ಬರಡು ನೆಲವೆಂದು ಕರೆದುಬಿಡುತ್ತಾರೆ. ಈ ಮಾತು ನನಗೆ ಪ್ರತಿಸಲವೂ ನೋವು ತರುತ್ತದೆ. ಮಲೆನಾಡಿನ ಪ್ರಾಣಿಗೆ ಅಡಗಲು ಪೊದೆಯುಂಟು, ಪೊಟರೆಯುಂಟು. ಇಲ್ಲಿಯ ಜೀವಿಗಳು ಮಾತ್ರ ಏನೂ ಮರೆಯಿಲ್ಲದ ಬಯಲನ್ನೇ ಮರೆಯಾಗಿಸಿಕೊಂಡು ಬದುಕಬೇಕು.

ಟಿಟ್ಟಿಭ ಹಕ್ಕಿಯನ್ನು ಗಮನಿಸಿ. ಇದು ಗೂಡು ಕಟ್ಟುವುದಿಲ್ಲ. ಬೇಸಿಗೆಯ ಸುಡುನೆಲದಲ್ಲಿ, ಕಲ್ಲುಚೂರುಗಳ ನಡುವೆ ಸಣ್ಣ ತಗ್ಗು ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಸುತ್ತಲಿನ ಕಲ್ಲುಗಳಲ್ಲಿ ಎಷ್ಟು ಬೆರೆತುಹೋಗುತ್ತವೆಂದರೆ, ಕಾಲಿನ ಪಕ್ಕದಲ್ಲೇ ಇದ್ದರೂ ನಮಗೆ ಕಾಣುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಕಾವಿಗೆ ಕುಳಿತ ಹಕ್ಕಿ ಸದ್ದಿಲ್ಲದೆ ಎದ್ದು ಓಡಿ, ಬೇರೆಲ್ಲೋ ನಿಂತು ಕೂಗೆಬ್ಬಿಸುತ್ತದೆ. ಬಂದವರು ಕೂಗಿನ ಜಾಡು ಹಿಡಿದು ಮೊಟ್ಟೆಯಿಂದ ದೂರ ಸರಿಯುತ್ತಾರೆ. ಇನ್ನು ನಡುಹಗಲ ಬಿಸಿಲಿನಲ್ಲಿ ಮೊಟ್ಟೆ ಬೇಯದಂತೆ ಕಾಯುವ ಬಗೆ ಕೇಳಿ. ನೀರಿರುವಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತಂಪಿನಲ್ಲಿ ಮೊಟ್ಟೆಗಳನ್ನು ಮುಚ್ಚಿ ಕೂರುತ್ತದೆ. ಮೊಟ್ಟೆಯೊಡೆದ ಮರಿ ಸ್ವಲ್ಪ ಹೊತ್ತಿನಲ್ಲೇ ಓಡಾಡಬಲ್ಲದು. ತಾಯಿಯ ಎಚ್ಚರಿಕೆಯ ಕೂಗು ಕೇಳಿದೊಡನೆ ನೆಲಕ್ಕಂಟಿ ಅಲುಗದೆ ಕೂತು, ತಾನೂ ಒಂದು ಕಲ್ಲೇ ಆಗಿಬಿಡುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಅಲ್ಲಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗದ ಎಳೆಮರಿಯೂ ಇದೇ ಪಾಠವನ್ನು ಪಾಲಿಸುತ್ತದೆ. ತಾಯಿ ಮೇಯಲು ದೂರ ಹೋದಾಗ ಅದು ಹುಲ್ಲಿನಲ್ಲಿ ಮೈಚೆಲ್ಲಿ ನಿಶ್ಚಲವಾಗಿ ಮಲಗಿರುತ್ತದೆ. ಬೆಳೆದ ಮೇಲೆ ಅದಕ್ಕೆ ಓಟವೇ ರಕ್ಷೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದ ಓಟ. ನಮ್ಮ ಹಿರಿಯರು ಸಿವಂಗಿ ಎನ್ನುತ್ತಿದ್ದ ಚೀತಾ ಅಳಿದುಹೋಯಿತೆಂದು ನಮ್ಮ ದೇಶವು 1952ರಲ್ಲಿ ಘೋಷಿಸಿತು. ಬೆನ್ನಟ್ಟುತ್ತಿದ್ದವನು ಈ ಬಯಲಿನಿಂದ ಹೋದ. ಅವನಿಂದ ಪಾರಾಗಲು ಕಲಿತ ಓಟ ಮಾತ್ರ ಇಂದಿಗೂ ಉಳಿದಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಬಿಲಗಪ್ಪೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆರೆಯಂಗಳ ಬಿರುಕುಬಿಟ್ಟ ಮೇಲೆ ಕಪ್ಪೆಗಳೆಲ್ಲ ಸತ್ತುಹೋದವೆಂದು ನಾವು ತಿಳಿಯುತ್ತೇವೆ. ಅವು ನಮ್ಮ ಕಾಲಡಿಯಲ್ಲೇ ಇರುತ್ತವೆ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಂಥ ಗಟ್ಟಿ ಉಬ್ಬೊಂದಿದ್ದು, ಅದರಿಂದ ಮಣ್ಣನ್ನು ಕೆದರುತ್ತಾ ಕಪ್ಪೆ ಹಿಮ್ಮುಖವಾಗಿ ನೆಲದೊಳಕ್ಕೆ ಇಳಿಯುತ್ತದೆ. ಬಾಯಿಯಿಂದ ನೀರು ಕುಡಿಯದ ಈ ಜೀವಿ ತೇವವನ್ನು ಚರ್ಮದ ಮೂಲಕವೇ ಹೀರಿಕೊಳ್ಳುತ್ತದೆ. ದೇಹದ ವ್ಯಾಪಾರಗಳನ್ನೆಲ್ಲ ನಿಧಾನಗೊಳಿಸಿಕೊಂಡು, ಅನ್ನವಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಕೆರೆಯಂಗಳದ ಗುಂಡಿಗಳಿಂದ ಏಳುವ ವಟಗುಟ್ಟುವಿಕೆ ಅವುಗಳದೇ. ಆ ರಾತ್ರಿಯೇ ಕೂಡಿಕೆ, ಆ ರಾತ್ರಿಯೇ ಮೊಟ್ಟೆ. ಗುಂಡಿಯ ನೀರು ಬಿಸಿಲಿಗೆ ಇಂಗಿಹೋಗುವ ಮೊದಲು ಗೊದಮೊಟ್ಟೆಗಳಿಗೆ ಕಾಲು ಮೂಡಿಬಿಡಬೇಕು.